ಅಂಜಲ್ ಕೇಳಿದರೆ ಅಂಜಲೇ ಸಿಗಬೇಕು: ಮೀನು ಗುರುತಿಸಿ ಕೊಳ್ಳುವ ಸಮಗ್ರ ಮಾರ್ಗದರ್ಶಿ

ಮೂರು ವರ್ಷದ ಹಿಂದೆ, ಜೂನ್ ತಿಂಗಳ ಒಂದು ಭಾನುವಾರ. ಮನೆಗೆ ನೆಂಟರು ಬರುವವರಿದ್ದರು, ಹೊರಗೆ ಬಿಡದೆ ಸುರಿಯುವ ಮಳೆ. ಮಾರುಕಟ್ಟೆಗೆ ಹೋಗುವ ಬದಲು ಮೊಬೈಲಿನಲ್ಲೇ ಒಂದು ಕಿಲೋ ಅಂಜಲ್ ತುಂಡು ತರಿಸಿದೆ. ಅಮ್ಮ ಮಸಾಲೆ ಅರೆದಿಟ್ಟು, ಮೊದಲ ತುಂಡನ್ನು ಕೈಗೆ ತೆಗೆದುಕೊಂಡವರು ಹಾಗೆಯೇ ನಿಂತರು. ಚರ್ಮದ ಮೇಲೆ ಹೆಬ್ಬೆರಳನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಉಜ್ಜಿದರು. ಕಿರುಬೆರಳ ಉಗುರಿನಷ್ಟು ಅಗಲದ ಹುರುಪೆಯೊಂದು ಎದ್ದು ಬೆರಳಿಗೆ ಅಂಟಿಕೊಂಡಿತು.

“ಅಂಜಲಿಗೆ ಇಷ್ಟು ದೊಡ್ಡ ಹುರುಪೆ ಎಲ್ಲಿಂದ ಬಂತು?” ಎಂದರು.

ತಂದದ್ದು ಬರಾಕುಡಾ. ತಿನ್ನಲು ಯೋಗ್ಯವಾದ ಮೀನೇ, ರುಚಿಯೂ ಇತ್ತು. ಆದರೆ ನಾನು ಕೊಟ್ಟಿದ್ದು ಅಂಜಲಿನ ದುಡ್ಡು. ಆ ದಿನ ನನಗೆ ಹೆಚ್ಚು ಕಾಡಿದ್ದು ಹೋದ ದುಡ್ಡಲ್ಲ. ಬೋಟುಗಳು ಮೀನು ಇಳಿಸುವ ದಕ್ಕೆಯಿಂದ ಕೂಗಳತೆಯಲ್ಲಿ ಬೆಳೆದವನು ನಾನು. ತಲೆ, ಬಾಲ ಇಲ್ಲದ ಮೀನನ್ನು ಮುಂದಿಟ್ಟರೆ ಅದರ ಹೆಸರು ಹೇಳಲು ನನಗೆ ಬರುತ್ತಿರಲಿಲ್ಲ. ಅಂದಿನಿಂದ ಮಾರುಕಟ್ಟೆಯ ಅಕ್ಕಂದಿರಲ್ಲಿ, ಬೋಟಿನವರಲ್ಲಿ, ಮೀನುಗಾರಿಕೆ ಓದಿದ ಸ್ನೇಹಿತರಲ್ಲಿ ಕೇಳಿ ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಈ ಮೋಸದ ಸುದ್ದಿ ಬಂದಾಗಲೆಲ್ಲ ಬುಟ್ಟಿ ಹಿಡಿದು ಕುಳಿತ ಮೀನುಗಾರ ಮಹಿಳೆಯರ ಕಡೆಗೆ ಬೆರಳು ತೋರಿಸುವವರಿದ್ದಾರೆ. ನನ್ನ ಅನುಭವ ಅದಕ್ಕೆ ತದ್ವಿರುದ್ಧ. ಇಡೀ ಮೀನನ್ನು ಹಲಗೆಯ ಮೇಲೆ ಹರಡಿ ಕುಳಿತವರು ಬಚ್ಚಿಡುವುದೇನೂ ಇಲ್ಲ. ನೋಡಲು ಬಲ್ಲವನಿಗೆ ಎಲ್ಲವೂ ಎದುರಿಗೇ ಇರುತ್ತದೆ. ಮೀನು ತನ್ನ ಹೆಸರನ್ನು ಕಳೆದುಕೊಳ್ಳುವುದು ತಲೆ, ಚರ್ಮ, ಬಾಲ ಕಳೆದುಕೊಂಡ ಮೇಲೆ. ಅಂದರೆ ತುಂಡಿನ ಪೊಟ್ಟಣದಲ್ಲಿ, ಮುಳ್ಳು ತೆಗೆದ ಫಿಲೆಟ್‌ನಲ್ಲಿ, ಹೋಟೆಲಿನ ತಟ್ಟೆಯಲ್ಲಿ.

ಇದು ನಮ್ಮ ಊರಿನದಷ್ಟೇ ಕಥೆಯೂ ಅಲ್ಲ. ಅಮೆರಿಕದಲ್ಲಿ ಓಶಿಯಾನಾ ಎಂಬ ಸಂಸ್ಥೆ 2010ರಿಂದ 2012ರವರೆಗೆ 21 ರಾಜ್ಯಗಳ ಅಂಗಡಿ, ಹೋಟೆಲುಗಳಿಂದ 1,215 ಮೀನಿನ ಮಾದರಿ ತಂದು ಡಿಎನ್‌ಎ ಪರೀಕ್ಷೆ ಮಾಡಿಸಿತು. ಮೂರರಲ್ಲಿ ಒಂದು ಪಾಲು ಹೇಳಿದ ಮೀನಾಗಿರಲಿಲ್ಲ. ‘ರೆಡ್ ಸ್ನ್ಯಾಪರ್’ ಎಂದು ಮಾರಿದ 120 ಮಾದರಿಗಳಲ್ಲಿ ನಿಜವಾದ ರೆಡ್ ಸ್ನ್ಯಾಪರ್ ಇದ್ದದ್ದು ಏಳು ಮಾತ್ರ.

ಹೆಜ್ಜೆ 1: ಹೆಸರನ್ನು ನಮ್ಮ ಭಾಷೆಯಲ್ಲಿ ಕೇಳಿ

ಅದಲು ಬದಲು ಆಗುವುದಕ್ಕೆ ಅರ್ಧ ಕಾರಣ ಹೆಸರುಗಳ ಗೊಂದಲ. ನಮ್ಮಲ್ಲಿ ಅಂಜಲ್ ಎನ್ನುವುದನ್ನು ಉತ್ತರ ಕನ್ನಡದ ಕಡೆ, ಕೊಂಕಣಿಯಲ್ಲಿ ಇಸ್ವಣ ಎನ್ನುತ್ತಾರೆ. ಕಾಸರಗೋಡು ಕಡೆಯವರಿಗೆ ಅದು ಅಯಕೂರ, ಮುಂಬೈಯವರಿಗೆ ಸುರ್ಮಯಿ, ಚೆನ್ನೈಯಲ್ಲಿ ವಂಜಿರಂ. ಬೂತಾಯಿ (ಸಾರ್ಡೀನ್) ಕೇರಳದಲ್ಲಿ ಮತ್ತಿ, ಕಾರವಾರದ ಕಡೆ ತಾರ್ಲೆ. ಇವೆಲ್ಲ ಒಂದೇ ಮೀನಿನ ಬೇರೆ ಬೇರೆ ಹೆಸರುಗಳು, ಇವುಗಳಿಂದ ತೊಂದರೆಯಿಲ್ಲ. ತೊಂದರೆ ಇರುವುದು ಮೆನುವಿನ ಇಂಗ್ಲಿಷ್ ಹೆಸರುಗಳಲ್ಲಿ.

ಅಂಜಲನ್ನು ‘ಕಿಂಗ್ ಫಿಶ್’ ಎಂದು ಬರೆಯುತ್ತಾರೆ. ಆದರೆ ಆಸ್ಟ್ರೇಲಿಯಾದಲ್ಲಿ ಕಿಂಗ್ ಫಿಶ್ ಎಂದರೆ ಪೂರ್ತಿ ಬೇರೆ ಕುಟುಂಬದ ಮೀನು. ಕಾಣೆಯನ್ನು ನಾವು ‘ಲೇಡಿ ಫಿಶ್’ ಎಂದರೆ, ಹೊರದೇಶಗಳಲ್ಲಿ ಆ ಹೆಸರು ಮುಳ್ಳು ತುಂಬಿದ ಇನ್ನೊಂದು ಮೀನಿಗೆ ಸಲ್ಲುತ್ತದೆ. ‘ಇಂಡಿಯನ್ ಸಾಲ್ಮನ್’ ಎಂದು ಬಡಿಸುವ ರಾವಸ್ ಮೀನಿಗೂ ಸಾಲ್ಮನ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ಕಪ್ಪು ಮಾಂಜಿಯೂ (ಬ್ಲ್ಯಾಕ್ ಪಾಂಫ್ರೆಟ್) ಹಾಗೆಯೇ. ಹೆಸರಿನಲ್ಲಿ ಮಾಂಜಿ ಇದ್ದರೂ ಅದು ಬಿಳಿ ಮಾಂಜಿಯ ಕುಟುಂಬಕ್ಕೆ ಸೇರಿದ್ದಲ್ಲ. ಇನ್ನು ಬರೀ ‘ಫಿಶ್ ಫ್ರೈ’, ‘ಸೀ ಫಿಶ್’, ‘ವೈಟ್ ಫಿಶ್’ ಎಂದು ಬರೆದಿದ್ದರೆ ಅಲ್ಲಿ ಹೆಸರೇ ಇಲ್ಲ ಎಂದು ತಿಳಿಯಿರಿ.

ಆದ್ದರಿಂದ ಅಂಗಡಿಯಲ್ಲಾಗಲಿ ಹೋಟೆಲಿನಲ್ಲಾಗಲಿ ತುಳುವಿನಲ್ಲೋ ಕನ್ನಡದಲ್ಲೋ ಹೆಸರು ಕೇಳಿ. ಅಂಜಲ್ ಎಂದರೆ ಯಾವ ಅಂಜಲ್, ಮಾಂಜಿ ಎಂದರೆ ಬಿಳಿಯದೋ ಕಪ್ಪೋ, ಸಿಗಡಿ ಎಂದರೆ ಕಡಲಿನದೋ ಕೆರೆಯದೋ. ಪ್ರಶ್ನೆ ಸ್ಪಷ್ಟವಾಗಿದ್ದರೆ ಉತ್ತರ ಜಾರಿಕೊಳ್ಳುವುದು ಕಷ್ಟ.

ಹೆಜ್ಜೆ 2: ಕ್ಯಾಲೆಂಡರ್ ನೋಡಿ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಯ ಬೋಟುಗಳೆಲ್ಲ ಲಂಗರು ಹಾಕಿ ನಿಂತಿರುತ್ತವೆ. ನಾಡದೋಣಿಯವರು ಕಡಲು ಒಪ್ಪಿದಷ್ಟು ಹೋಗಿ ಬರುತ್ತಾರೆ. ಪೂರ್ವ ಕರಾವಳಿಯಲ್ಲಿ, ಅಂದರೆ ತಮಿಳುನಾಡು, ಆಂಧ್ರದ ಕಡೆ, ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ: ಜೂನ್ ಮೊದಲ ಎರಡು ವಾರ ಎರಡೂ ಕಡೆಯ ಬಹುತೇಕ ಯಾಂತ್ರಿಕ ಬೋಟುಗಳು ದಡದಲ್ಲಿರುತ್ತವೆ. ಆ ದಿನಗಳಲ್ಲಿ ಯಾರಾದರೂ “ಮಲ್ಪೆ ಬೋಟಿನ ತಾಜಾ ಅಂಜಲ್” ಎಂದರೆ ಒಂದೋ ಅದು ಐಸಿನಲ್ಲಿಟ್ಟ ಹಳೆಯದು, ಇಲ್ಲವೇ ಹೊರದೇಶದಿಂದ ಬಂದದ್ದು, ಇಲ್ಲವೇ ಅಂಜಲೇ ಅಲ್ಲ. ನಾನು ಬರಾಕುಡಾ ತರಿಸಿದ್ದು ಸರಿಯಾಗಿ ಆ ವಾರವೇ. ಕ್ಯಾಲೆಂಡರ್ ನೋಡಿದ್ದರೆ ಆಗಲೇ ಅನುಮಾನ ಬರಬೇಕಿತ್ತು.

ಮಳೆಗಾಲದಲ್ಲಿ ಹೊರಗಿನ ಮೀನು ಬರುವುದು ತಪ್ಪೇನಲ್ಲ. ಒಮಾನ್‌ನಿಂದ ಬರುವ ಬೂತಾಯಿ ನಮ್ಮ ಬೂತಾಯಿಯ ಜಾತಿಯದ್ದೇ. ಮಾರುವವರು ಹೇಳಿ ಮಾರಿದರೆ ಸಾಕು. ನಾನು ಮೀನು ಕೊಳ್ಳುವ ಅಕ್ಕನಲ್ಲಿ ಕಳೆದ ವರ್ಷ ಜುಲೈಯಲ್ಲಿ, “ಅಕ್ಕ, ಈ ಅಂಜಲ್ ಎಲ್ಲಿಯದು?” ಎಂದು ಕೇಳಿದೆ. “ಇಲ್ಲಿಯದಲ್ಲ ಅಣ್ಣ, ತಮಿಳುನಾಡಿನದು. ಸುಳ್ಳು ಹೇಳಿದರೆ ನಾಳೆ ನಿಮ್ಮ ಮುಖ ನೋಡುವುದು ಹೇಗೆ?” ಎಂದರು. ಮಾರಾಟಗಾರರನ್ನು ಆರಿಸಿಕೊಳ್ಳುವಾಗ ಈ ಒಂದು ಪ್ರಶ್ನೆ ಕೇಳಿ. ಊರು ಹೇಳಿ ಮಾರುವವರು ಹೆಸರನ್ನೂ ಸರಿಯಾಗಿ ಹೇಳುತ್ತಾರೆ.

ಹೆಜ್ಜೆ 3: ಇಡೀ ಮೀನನ್ನು ಓದಲು ಕಲಿಯಿರಿ

ಇದೇ ಮುಖ್ಯ ಪಾಠ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಅಂಜಲಿನಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚು ಬೆಲೆಯ ಮೀನಿನ ಹೆಸರಿನಲ್ಲೇ ಹೆಚ್ಚು ಬದಲಾವಣೆ ನಡೆಯುತ್ತದೆ. ನಮ್ಮ ಕಡಲಿನಲ್ಲಿ ಅಂಜಲ್ ಎಂದು ಮುಖ್ಯವಾಗಿ ಎರಡು ಜಾತಿಗಳು ಬರುತ್ತವೆ. ಮೊದಲನೆಯದು ದೊಡ್ಡ ಅಂಜಲ್: ಬೆಳ್ಳಿ ಮೈ, ಪಕ್ಕೆಯ ಮೇಲೆ ಮೇಲಿನಿಂದ ಕೆಳಕ್ಕೆ ಇಳಿಯುವ ಅಲೆಅಲೆಯಾದ ಕಡು ಪಟ್ಟೆಗಳು. ಎರಡನೆಯದು ಚುಕ್ಕೆಯ ಅಂಜಲ್: ಪಟ್ಟೆಗಳ ಬದಲು ಪಕ್ಕೆಯುದ್ದಕ್ಕೂ ದುಂಡು ಚುಕ್ಕೆಗಳ ಸಾಲು. ಎರಡೂ ನಿಜವಾದ ಅಂಜಲೇ. ಆದರೆ ದೊಡ್ಡದು ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ, ಚುಕ್ಕೆಯದು ಮುಕ್ಕಾಲು ಮೀಟರಿನ ಆಸುಪಾಸಿಗೆ ನಿಲ್ಲುತ್ತದೆ. ಬೆಲೆಯೂ ಹಾಗೆಯೇ ಬೇರೆ. ಆದ್ದರಿಂದ ಯಾವುದು ಎಂದು ಕೇಳಿಯೇ ದರ ಮಾತಾಡಿ.

ಪಟ್ಟೆ, ಚುಕ್ಕೆ ಐಸಿನಲ್ಲಿ ಮಸುಕಾಗುತ್ತವೆ. ಮಸುಕಾಗದ ಗುರುತೊಂದಿದೆ. ಮೀನನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಿವಿರಿನ ಹಿಂದಿನಿಂದ ಬಾಲದವರೆಗೆ ಪಕ್ಕೆಯ ಮೇಲೆ ನೂಲೆಳೆಯಂಥ ಗೆರೆ ಕಾಣುತ್ತದೆ. ದೊಡ್ಡ ಅಂಜಲಿನಲ್ಲಿ ಆ ಗೆರೆ ಬಹುದೂರ ನೆಟ್ಟಗೆ ಸಾಗಿ, ಬೆನ್ನಿನ ಎರಡನೇ ರೆಕ್ಕೆ ಮುಗಿಯುವ ಜಾಗದ ಕೆಳಗೆ ಥಟ್ಟನೆ ಕೆಳಕ್ಕೆ ಇಳಿಯುತ್ತದೆ. ಚುಕ್ಕೆಯ ಅಂಜಲಿನಲ್ಲಿ ಅದು ಮೆಲ್ಲಗೆ ಬಾಗುತ್ತಾ ಹೋಗುತ್ತದೆ. ನನಗೆ ಇದನ್ನು ತೋರಿಸಿಕೊಟ್ಟದ್ದು ದಕ್ಕೆಯಲ್ಲಿ ಹರಾಜು ಕೂಗುವ ಒಬ್ಬ ಹಿರಿಯರು. ಮೀನಿನ ಮೇಲೆ ಕೈಯಾಡಿಸಿ, ಗೆರೆ ಇಳಿಯುವಲ್ಲಿ ಉಗುರು ಒತ್ತಿ, “ಇಲ್ಲಿ ಮೆಟ್ಟಿಲು ಇಳಿಯುತ್ತದೆ ನೋಡು” ಎಂದರು. ಆ ಮೆಟ್ಟಿಲು ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ.

ಅಂಜಲಿನ ವೇಷದಲ್ಲಿ ಬರುವ ಮೀನುಗಳಲ್ಲಿ ಹತ್ತಿರದ ನೆಂಟ ವಾಹೂ. ಅದಕ್ಕೂ ಪಟ್ಟೆಗಳಿವೆ. ಆದರೆ ಅದರ ಮೂತಿ ಕೊಕ್ಕಿನಂತೆ ಉದ್ದ, ಬೆನ್ನಿನ ಮೊದಲ ರೆಕ್ಕೆಯಲ್ಲಿ ಮುಳ್ಳುಗಳು 23ರಿಂದ 27. ಅಂಜಲಿಗೆ 15ರಿಂದ 18. ಪಕ್ಕೆಯ ಗೆರೆಯೂ ವಾಹೂವಿನಲ್ಲಿ ಬಹಳ ಮೊದಲೇ, ಬೆನ್ನಿನ ಮೊದಲ ರೆಕ್ಕೆಯ ನಡುವಿಗೇ ಇಳಿದುಬಿಡುತ್ತದೆ. ಬರಾಕುಡಾಕ್ಕೆ ಎದ್ದು ಕಾಣುವ ಹುರುಪೆ, ಮುಂದಕ್ಕೆ ಚಾಚಿದ ಕೆಳದವಡೆ, ಒಂದಕ್ಕೊಂದು ದೂರವಿರುವ ಎರಡು ಬೆನ್ನುರೆಕ್ಕೆ. ಇನ್ನೂ ಸುಲಭದ ಪರೀಕ್ಷೆ: ಅಂಜಲಿನ ಬಾಲದ ಹತ್ತಿರ, ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ, ಗರಗಸದ ಹಲ್ಲಿನಂತೆ ಪುಟ್ಟ ಪುಟ್ಟ ರೆಕ್ಕೆಗಳ ಸಾಲಿದೆ. ಬರಾಕುಡಾಕ್ಕೆ ಅದಿಲ್ಲ, ಅದೇ ವೇಷದ ಇನ್ನೊಂದು ಮೀನಾದ ಕೋಬಿಯಾಕ್ಕೂ ಇಲ್ಲ.

ಮಾಂಜಿಯ ವಿಷಯಕ್ಕೆ ಬಂದರೆ, ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದೊಂದೇ ಸಾಕು. ಬೆಳೆದ ಬಿಳಿ ಮಾಂಜಿಗೆ ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆ ಇರುವುದಿಲ್ಲ. ಬೆನ್ನಿನ ಮತ್ತು ಹೊಟ್ಟೆಯ ಕಡೆಯ ರೆಕ್ಕೆಗಳು ಕುಡುಗೋಲಿನಂತೆ ಬಾಗಿರುತ್ತವೆ, ಬಾಲದ ಕೆಳಗಿನ ಕವಲು ಮೇಲಿನದಕ್ಕಿಂತ ಉದ್ದ, ಬಾಯಿ ತೀರಾ ಚಿಕ್ಕದು. ಈಗ ಇದರ ಹೆಸರಿನಲ್ಲಿ ಎರಡು ಸಾಕಣೆಯ ಮೀನುಗಳು ಓಡಾಡುತ್ತಿವೆ. ಒಂದು ರೂಪ್‌ಚಂದ್, ಅಂದರೆ ದಕ್ಷಿಣ ಅಮೆರಿಕ ಮೂಲದ ಪಾಕು ಮೀನು. ಆಂಧ್ರದ ಕೆರೆಗಳಲ್ಲಿ ಬೆಳೆಸುತ್ತಾರೆ. ಹೊಟ್ಟೆಯ ಬಳಿ ಕೆಂಪು ಛಾಯೆ, ಬೆನ್ನುರೆಕ್ಕೆಗೂ ಬಾಲಕ್ಕೂ ನಡುವೆ ಮಾಂಸದ ಪುಟ್ಟ ತುಣುಕಿನಂಥ ರೆಕ್ಕೆ. ಅನುಮಾನವಿದ್ದರೆ ತುಟಿ ಎತ್ತಿ ನೋಡಿ, ಮನುಷ್ಯರ ದವಡೆ ಹಲ್ಲಿನಂಥ ಹಲ್ಲುಗಳಿರುತ್ತವೆ. ಮಾಂಜಿಗೆ ಅಂಥ ಹಲ್ಲಿಲ್ಲ. ಇನ್ನೊಂದು ಪಂಜರದಲ್ಲಿ ಬೆಳೆಸುವ ಪೊಂಪಾನೊ: ಮೊಂಡು ಮೂತಿ, ಹಳದಿ ಛಾಯೆಯ ರೆಕ್ಕೆ, ಹೊಟ್ಟೆಯಡಿ ಜೋಡಿ ರೆಕ್ಕೆ. ಎರಡೂ ಕೆಟ್ಟ ಮೀನುಗಳಲ್ಲ. ಬೆಳೆಸುವ ರೈತರ ಶ್ರಮಕ್ಕೆ ಅವುಗಳ ಹೆಸರಿನಲ್ಲೇ ಬೆಲೆ ಸಿಗಬೇಕು ಎಂಬುದು ನನ್ನ ಆಸೆ.

ಕಪ್ಪು ಮಾಂಜಿಯನ್ನು ತಿಳಿಯಲು ಬಾಲದ ಬುಡವನ್ನು ಎರಡು ಬೆರಳಿನಲ್ಲಿ ಹಿಡಿಯಿರಿ. ಒರಟಾದ ಗಟ್ಟಿ ಏಣು ಕೈಗೆ ತಗಲುತ್ತದೆ. ಬಿಳಿ ಮಾಂಜಿಯ ಬಾಲದ ಬುಡ ನುಣುಪು.

ಬಂಗುಡೆಗೆ ಮೋಸ ಕಡಿಮೆ, ಏಕೆಂದರೆ ಎಲ್ಲರೂ ಇಡಿಯಾಗಿಯೇ ಕೊಳ್ಳುತ್ತಾರೆ. ಆದರೂ ರಾಶಿಯಲ್ಲಿ ಬೇರೆ ಮೀನು ಸೇರಿಕೊಂಡಿರಬಹುದು. ಬಂಗುಡೆಯ ಬಾಲದ ಮುಂದೆ ಮೇಲೆ ಐದು, ಕೆಳಗೆ ಐದು ಪುಟ್ಟ ರೆಕ್ಕೆಗಳಿರುತ್ತವೆ. ಅದನ್ನು ಹೋಲುವ ಸ್ಕ್ಯಾಡ್ ಮೀನಿಗೆ ಒಂದೊಂದೇ, ಜೊತೆಗೆ ಬಾಲದ ಬುಡದಲ್ಲಿ ಬೆರಳಿಗೆ ಚುಚ್ಚುವ ಗಟ್ಟಿ ಹುರುಪೆಯ ಸಾಲು. ಬೆನ್ನಿನ ಮೇಲೆ ಹುಲಿಪಟ್ಟೆಯಂತೆ ಹಾವುಗೆರೆಗಳಿದ್ದರೆ ಅದು ತಣ್ಣೀರಿನ ಕಡಲಿನಿಂದ ಹೆಪ್ಪುಗಟ್ಟಿಸಿ ತಂದ ಬೇರೆ ಜಾತಿ.

ಬೂತಾಯಿ ನೋಡುವಾಗ ಕಿವಿರಿನ ಮುಚ್ಚಳದ ಹಿಂದಂಚಿನಲ್ಲಿ ಕಪ್ಪು ಚುಕ್ಕೆ ಇದೆಯೇ ನೋಡಿ, ಮೈ ದುಂಡಗಿರಬೇಕು. ಚಪ್ಪಟೆ ಮೈಯ, ಬೆನ್ನುರೆಕ್ಕೆಯ ಬುಡದಲ್ಲಿ ಕಪ್ಪು ಕಲೆಯಿರುವವು ಅದರ ತಂಗಿ ಜಾತಿಗಳು. ಎಣ್ಣೆಯ ಅಂಶ ಕಡಿಮೆ, ಮುಳ್ಳು ಹೆಚ್ಚು. ಪುಳಿಮುಂಚಿಗೆ ಹಾಕಿದ ಮೇಲೆ ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತದೆ.

ಕಾಣೆ ಉದ್ದನೆಯ ಮೀನು, ಮೂತಿ ಚೂಪು, ಬಾಯಿ ಚಿಕ್ಕದು. ಅದೇ ಉದ್ದದ ಅರಣೆ ಮೀನಿನ ಬಾಯಿ ಕಣ್ಣಿನಿಂದಾಚೆಗೂ ಸೀಳಿದಂತಿದ್ದು ಒಳಗೆ ಸೂಜಿಯಂಥ ಹಲ್ಲು ತುಂಬಿರುತ್ತದೆ. ತಲೆ ಇದ್ದರೆ ಮಗುವೂ ಗುರುತಿಸಬಹುದು. ತಲೆ ಕತ್ತರಿಸಿ, ಚರ್ಮ ಸುಲಿದು, ರವೆ ಹಚ್ಚಿಟ್ಟರೆ ನನಗೂ ಕಷ್ಟ. ಹಾಗಾಗಿ ನಮ್ಮ ಮನೆಯಲ್ಲಿ ತಲೆ ತೆಗೆದ ಕಾಣೆ ಕೊಳ್ಳುವ ಪದ್ಧತಿಯನ್ನೇ ಬಿಟ್ಟಿದ್ದೇವೆ.

ಸಿಗಡಿಯ ಕಥೆ ಬೇರೆ. 2009ರಲ್ಲಿ ಭಾರತದಲ್ಲಿ ವನ್ನಾಮಿ ಸಿಗಡಿ ಕೃಷಿಗೆ ಅನುಮತಿ ಸಿಕ್ಕಿತು. ಈಗ ಮಾರುಕಟ್ಟೆಗೆ ಬರುವ ಸಾಕಣೆಯ ಸಿಗಡಿಯಲ್ಲಿ ಹೆಚ್ಚಿನದು ಅದೇ. ಅದನ್ನು ‘ಕಡಲ ಬಿಳಿ ಸಿಗಡಿ’ ಎಂದು ಮಾರುವುದುಂಟು. ರಾಶಿಯಲ್ಲಿ ಎಲ್ಲವೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಗಾತ್ರವಿದ್ದರೆ ಸಾಕಣೆಯದಿರಬಹುದು ಎಂದು ತಿಳಿಯಿರಿ. ಬಲೆಗೆ ಬಿದ್ದದ್ದರಲ್ಲಿ ಸಣ್ಣದು ದೊಡ್ಡದು ಬೆರೆತಿರುತ್ತದೆ. ತಲೆಯ ಮೇಲಿನ ಗರಗಸದಂಥ ಕೊಂಬನ್ನೂ ನೋಡಿ. ವನ್ನಾಮಿಯದು ಮೋಟು, ಕಡಲ ಬಿಳಿ ಸಿಗಡಿಯದು ಉದ್ದಕ್ಕೆ ಮುಂದೆ ಚಾಚಿರುತ್ತದೆ.

ಹೆಜ್ಜೆ 4: ಕತ್ತರಿಸುವಾಗ ಅಲ್ಲೇ ನಿಲ್ಲಿ

ಮೀನು ಆರಿಸಿ, ತೂಕ ಹಾಕಿಸಿ, ದುಡ್ಡು ಕೊಟ್ಟು, “ಕತ್ತರಿಸಿಡಿ, ತರಕಾರಿ ತಂದು ಬರುತ್ತೇನೆ” ಎಂದು ಹೋಗುವವರೇ ಹೆಚ್ಚು. ಗದ್ದಲದ ದಿನಗಳಲ್ಲಿ ಕತ್ತರಿಸುವವರ ಮುಂದೆ ಹತ್ತು ಜನರ ಮೀನು ಸಾಲಾಗಿರುತ್ತದೆ. ಬೇಕೆಂದಲ್ಲದಿದ್ದರೂ ನಿಮ್ಮದು ಇನ್ನೊಬ್ಬರ ಚೀಲಕ್ಕೆ ಸೇರಬಹುದು. ಹತ್ತು ನಿಮಿಷ ನಿಲ್ಲಿ. ಮೆಟ್ಟುಕತ್ತಿಯ ಮುಂದೆ ಕುಳಿತವರ ಕೈಚಳಕ ನೋಡುವುದೇ ಒಂದು ಪಾಠ. ಮೀನಿನ ಒಳಗೆ ಏನೆಲ್ಲ ಇದೆ ಎಂದು ನಾನು ಕಲಿತದ್ದು ಅಲ್ಲಿ ನಿಂತೇ.

ದೊಡ್ಡ ಅಂಜಲನ್ನು ಪೂರ್ತಿ ಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಆಗ ಎರಡು ದಾರಿ. ಇಡೀ ಮೀನು ಹಲಗೆಯ ಮೇಲಿರುವಾಗ ಹೋಗಿ, ಅದರಿಂದ ಬೇಕಾದಷ್ಟು ಕತ್ತರಿಸಿ ಕೊಡಲು ಹೇಳಿ. ಇಲ್ಲವೇ ಪಕ್ಕದ ಮನೆಯವರೊಂದಿಗೆ ಪಾಲು ಮಾಡಿಕೊಳ್ಳಿ. ತಲೆಯನ್ನು ಬಿಡಬೇಡಿ, ಕೇಳಿ ತನ್ನಿ. ಸಾರಿಗೂ ಆಗುತ್ತದೆ, ಮನೆಯಲ್ಲಿ ಅನುಮಾನ ಬಂದರೆ ಸಾಕ್ಷಿಗೂ ಆಗುತ್ತದೆ. ಕತ್ತರಿಸುವ ಮೊದಲು ಇಡೀ ಮೀನಿನ ಒಂದು ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ: ಪಕ್ಕೆ ಪೂರ್ತಿ ಕಾಣುವಂತೆ, ರೆಕ್ಕೆಗಳನ್ನು ಬಿಡಿಸಿ.

ಹೆಜ್ಜೆ 5: ತುಂಡೇ ಕೊಳ್ಳಬೇಕಾದರೆ

ಚರ್ಮ ಇರುವ ತುಂಡನ್ನೇ ಕೊಳ್ಳಿ. ಚರ್ಮ ಸುಲಿದ ತುಂಡು ಕೊಳ್ಳಬೇಡಿ, ಅಷ್ಟೇ. ಅಂಜಲಿನ ಚರ್ಮ ತೆಳು, ನುಣುಪು, ಬೆಳ್ಳಿ ಹೊಳಪು. ಹುರುಪೆ ಬೆರಳಿಗೆ ಸಿಗದಷ್ಟು ಸಣ್ಣದು. ತುಂಡಿನ ಅಡ್ಡ ನೋಟ ಮೊಟ್ಟೆಯಾಕಾರ, ನಡುವೆ ಒಂದು ಗಟ್ಟಿ ಮೂಳೆ, ಎರಡೂ ಪಕ್ಕದಲ್ಲಿ ಚರ್ಮಕ್ಕೆ ಅಂಟಿದ ಕಂದು ಮಾಂಸದ ತೆಳು ಪಟ್ಟಿ. ಅಡ್ಡ ನೋಟ ದುಂಡಾಗಿದ್ದು ಚರ್ಮದಲ್ಲಿ ಹುರುಪೆಯ ಗುರುತಿದ್ದರೆ ಬರಾಕುಡಾ ಎಂದು ಸಂಶಯಪಡಿ. ಮಾಂಸ ಒಟ್ಟಾರೆ ಕಡುಗೆಂಪಾಗಿದ್ದರೆ ಕೇದಾರ್, ಅಂದರೆ ಟ್ಯೂನಾ. ನಡುವಿನ ಮೂಳೆಗೆ ಕತ್ತಿಯ ಮೊನೆ ಸುಲಭವಾಗಿ ಇಳಿದರೆ, ಚರ್ಮ ಮರಳುಕಾಗದದಂತಿದ್ದರೆ ಅದು ಶಾರ್ಕ್. ಅದಕ್ಕಿರುವುದು ಮೃದ್ವಸ್ಥಿ, ಮೂಳೆಯಲ್ಲ. ಹಳತಾದರೆ ಅಮೋನಿಯಾದ ಘಾಟು ಮೂಗಿಗೆ ಬಡಿಯುತ್ತದೆ.

ಮುಳ್ಳಿಲ್ಲದ, ಚರ್ಮವಿಲ್ಲದ, ಅಚ್ಚ ಬಿಳಿಯ ದಪ್ಪ ಹೋಳು ಕಂಡರೆ ಮೊದಲು ನೆನಪಾಗಬೇಕಾದ ಹೆಸರು ಬಾಸಾ. ವಿಯೆಟ್ನಾಂನಿಂದ ಆಮದಾಗುತ್ತದೆ, ಆಂಧ್ರದಲ್ಲೂ ಬೆಳೆಸುತ್ತಾರೆ. ಅದು ಸಿಹಿನೀರಿನ ಮೀನು. ಹೆಂಚಿಗೆ ಹಾಕಿದರೆ ನೀರು ಬಿಟ್ಟು ಕುಗ್ಗುತ್ತದೆ, ಕಡಲ ಮೀನಿನ ಘಮ ಇರುವುದಿಲ್ಲ. ತಿಂದರೆ ಅಪಾಯವಿಲ್ಲ. ಆದರೆ ಕಡಲ ಮೀನಿನ ಬೆಲೆಗೆ ಅದನ್ನು ಮಾರುವುದು ಕಳ್ಳತನವೇ.

ಆರೋಗ್ಯದ ಮಾತೂ ಇಲ್ಲಿಗೆ ಸೇರುತ್ತದೆ. ಟ್ಯೂನಾ, ಬಂಗುಡೆ, ಅಂಜಲ್ ಇವೆಲ್ಲ ಒಂದೇ ವರ್ಗದವು. ಹಿಡಿದ ಮೇಲೆ ಐಸ್ ಸರಿಯಾಗಿ ಹಾಕದಿದ್ದರೆ ಇವುಗಳಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹೆಚ್ಚಾಗುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಊಟದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗುವುದು, ತುರಿಕೆ, ತಲೆನೋವು ಇದರ ಲಕ್ಷಣ. ‘ಬಟರ್ ಫಿಶ್’ ಎಂಬ ಹೆಸರಿನಲ್ಲಿ ಕೆಲವೆಡೆ ಸಿಗುವ ಎಸ್ಕೊಲಾರ್ ಮೀನಿನಲ್ಲಿ ಜೀರ್ಣವಾಗದ ಮೇಣದಂಥ ಕೊಬ್ಬಿದೆ, ಹೊಟ್ಟೆ ಕೆಡುತ್ತದೆ. ಜಪಾನ್ ಮತ್ತು ಇಟಲಿ ಅದರ ಮಾರಾಟವನ್ನೇ ನಿಷೇಧಿಸಿವೆ. ಕೆಲವರಿಗೆ ಸಿಗಡಿಯೋ ಯಾವುದೋ ಒಂದು ಮೀನೋ ಒಗ್ಗುವುದಿಲ್ಲ. ಅಂಥವರಿಗೆ ಹೆಸರು ತಪ್ಪಿದರೆ ಆಸ್ಪತ್ರೆಯೇ ಗತಿ.

ಹೆಜ್ಜೆ 6: ಹೋಟೆಲಿನಲ್ಲಿ ಮತ್ತು ಪೊಟ್ಟಣದಲ್ಲಿ

ಮಂಗಳೂರು, ಉಡುಪಿಯ ಹಲವು ಮೀನೂಟದ ಹೋಟೆಲುಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ: ಹಸಿ ಮೀನನ್ನು ತಟ್ಟೆಯಲ್ಲಿಟ್ಟು ಮೇಜಿನ ಬಳಿ ತಂದು ತೋರಿಸುತ್ತಾರೆ. ನೀವಾಗಿಯೇ ಕೇಳಿ, ಸಂಕೋಚ ಬೇಡ. ತೋರಿಸಿದ ಮೀನನ್ನೇ ಮಾಡಿಸಿ, ತಲೆ ಬಾಲದ ಸಮೇತ ತವಾ ಫ್ರೈ ಮಾಡಲು ಹೇಳಿ. ಮಾಂಜಿ, ಕಾಣೆ, ಬಂಗುಡೆ, ನಂಗ್ (ಸೋಲ್ ಮೀನು) ಇವುಗಳನ್ನು ಇಡಿಯಾಗಿ ತಿನ್ನುವುದೇ ನಮ್ಮ ಕ್ರಮ; ಆ ಕ್ರಮದಲ್ಲಿ ರುಚಿಯ ಜೊತೆಗೆ ರಕ್ಷಣೆಯೂ ಇದೆ. ‘ಫಿಶ್ ಫಿಂಗರ್’, ‘ಫಿಶ್ ಟಿಕ್ಕಾ’ ಕೇಳುವಾಗ ಯಾವ ಮೀನು ಎಂದು ಕೇಳಿ. ಬಾಸಾ ಎಂದು ನೇರವಾಗಿ ಹೇಳುವ ಹೋಟೆಲಿಗೆ ನಾನು ಮತ್ತೆ ಹೋಗುತ್ತೇನೆ. ಬಿಲ್ಲಿನಲ್ಲಿ ಮೀನಿನ ಹೆಸರು ಬರೆಸಿಕೊಳ್ಳುವುದನ್ನು ಮರೆಯಬೇಡಿ.

ಪೊಟ್ಟಣದ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ, ಪ್ಯಾಕ್ ಮಾಡಿದ ದಿನ, ಮೀನಿನ ಹೆಸರು ಇರಬೇಕು. ವೈಜ್ಞಾನಿಕ ಹೆಸರನ್ನೂ ಬರೆದಿದ್ದರೆ ಅದೇ ಹೆಚ್ಚು ನಂಬಲರ್ಹ, ಏಕೆಂದರೆ ಅದಕ್ಕೆ ಎರಡು ಅರ್ಥವಿಲ್ಲ. ಅಂಜಲ್ ಎಂದರೆ ಸ್ಕಾಂಬೆರೊಮೊರಸ್, ಬಾಸಾ ಎಂದರೆ ಪಂಗಾಸಿಯಸ್. ಮುಂದಿನ ಮುಖದಲ್ಲಿ ಕಡಲಿನ ಚಿತ್ರವಿದ್ದು ಹಿಂದಿನ ಸಣ್ಣ ಅಕ್ಷರದಲ್ಲಿ ಪಂಗಾಸಿಯಸ್ ಎಂದಿದ್ದರೆ ಸಣ್ಣ ಅಕ್ಷರವನ್ನೇ ನಂಬಿ.

ಹೆಜ್ಜೆ 7: ಮೋಸವಾಗಿದೆ ಎಂದು ಅನ್ನಿಸಿದರೆ

ಮೊದಲು ಮಾರಿದವರನ್ನೇ ಕೇಳಿ. ಚಿತ್ರ ತೋರಿಸಿ, ತುಂಡು ತೋರಿಸಿ, ಶಾಂತವಾಗಿ ಮಾತಾಡಿ. ಎಷ್ಟೋ ಸಲ ಅವರೂ ಬೇರೆಯವರಿಂದ ತುಂಡನ್ನೇ ಕೊಂಡು ಮೋಸ ಹೋಗಿರುತ್ತಾರೆ.

ಅಲ್ಲಿ ಮುಗಿಯದಿದ್ದರೆ ಸಾಕ್ಷ್ಯ ಉಳಿಸಿಕೊಳ್ಳಿ. ಮಸಾಲೆ ಹಚ್ಚದ, ಬೇಯಿಸದ ಒಂದು ತುಂಡನ್ನು ಚರ್ಮದ ಸಮೇತ ಶುದ್ಧ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ದಿನಾಂಕ ಬರೆದು, ಫ್ರೀಜರಿನಲ್ಲಿಡಿ. ಬಿಲ್ಲು, ಪೊಟ್ಟಣ, ದುಡ್ಡು ಕಳುಹಿಸಿದ ಮೊಬೈಲ್ ಸಂದೇಶ ಎಲ್ಲವೂ ಇರಲಿ. ತುಂಡು ಚಿಕ್ಕದಾದರೂ ಡಿಎನ್‌ಎ ಪರೀಕ್ಷೆಗೆ ಸಾಕು. ಅದರಲ್ಲಿ ಸುಮಾರು 650 ಅಕ್ಷರಗಳಷ್ಟು ಉದ್ದದ ಒಂದು ಜೀನಿನ ಭಾಗವನ್ನು ಓದಿ, ಗೊತ್ತಿರುವ ಜಾತಿಗಳೊಂದಿಗೆ ಹೋಲಿಸುತ್ತಾರೆ. ಡಿಎನ್‌ಎ ಬಾರ್‌ಕೋಡ್ ಎನ್ನುವುದು ಇದಕ್ಕೇ. ಇಡೀ ಮೀನು ಅಥವಾ ಸ್ಪಷ್ಟ ಚಿತ್ರ ನಿಮ್ಮಲ್ಲಿದ್ದರೆ ಪರೀಕ್ಷೆಯೂ ಬೇಕಾಗದಿರಬಹುದು. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ನಮ್ಮ ಊರಿನಲ್ಲೇ ಇದೆ, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಜಾತಿ ಗುರುತಿಸುವುದನ್ನೇ ಓದಿದವರು ಅಲ್ಲಿದ್ದಾರೆ.

ಕಾನೂನಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಅವಕಾಶವಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನ ಪ್ರಕಾರ ಸಾಮಾನ್ಯ ಗ್ರಾಹಕರೂ ಶುಲ್ಕ ಕಟ್ಟಿ ತಾವು ಕೊಂಡ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಒಂದು ಷರತ್ತು: ಪರೀಕ್ಷೆಗೆ ಕೊಡುವ ಉದ್ದೇಶವಿದೆ ಎಂದು ಕೊಳ್ಳುವಾಗಲೇ ಮಾರಾಟಗಾರರಿಗೆ ತಿಳಿಸಬೇಕು. ವರದಿಯಲ್ಲಿ ಕಾಯ್ದೆಯ ಉಲ್ಲಂಘನೆ ಕಂಡುಬಂದರೆ ಕಟ್ಟಿದ ಶುಲ್ಕ ವಾಪಸಾಗುತ್ತದೆ. ಒಂದೇ ಕಡೆ ಪದೇ ಪದೇ ಮೋಸವಾಗುತ್ತಿದ್ದರೆ ಎರಡನೇ ಸಲ ಹೋಗುವಾಗ ಈ ದಾರಿ ಹಿಡಿಯಿರಿ. ಗ್ರಾಹಕ ಕೇಳಿದ ಸ್ವರೂಪದ ಅಥವಾ ಗುಣಮಟ್ಟದ ಆಹಾರ ಕೊಡದವರಿಗೆ 50ನೇ ಕಲಮಿನಲ್ಲಿ ಐದು ಲಕ್ಷ ರೂಪಾಯಿವರೆಗೆ ದಂಡವಿದೆ. ತಲೆಹೊರೆ, ಬೀದಿಬದಿಯ ಸಣ್ಣ ವ್ಯಾಪಾರಿಗಳಿಗೆ ಅದರ ಮಿತಿ 25 ಸಾವಿರ.

ದೂರನ್ನು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಬರೆದು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಣ ವಾಪಸು ಮತ್ತು ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ದೂರಿನಲ್ಲಿ ಕೋಪ ಬರೆಯಬೇಡಿ, ಗುರುತು ಬರೆಯಿರಿ: ಯಾವ ದಿನ, ಯಾವ ಹೆಸರಿನಲ್ಲಿ, ಎಷ್ಟು ತೂಕ, ಎಷ್ಟು ಬೆಲೆ, ಬಂದ ತುಂಡಿನ ಚರ್ಮ ಹೇಗಿತ್ತು, ಹುರುಪೆ ಎಷ್ಟು ಅಗಲ, ಮಾಂಸದ ಬಣ್ಣ ಏನು.

ನಾನು ಅಂದು ಬರೆದ ದೂರಿನ ಜೊತೆ ಅಮ್ಮ ಕಾಗದದ ಮೇಲೆ ಒಣಗಿಸಿಟ್ಟಿದ್ದ ಆ ಹುರುಪೆಯ ಚಿತ್ರವನ್ನು, ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ತೆಗೆದು ಕಳುಹಿಸಿದೆ. ಮಾರಿದವರು ಮೊದಲು ಒಪ್ಪಿರಲಿಲ್ಲ. ಆ ಚಿತ್ರ ತಲುಪಿದ ಮೂರನೇ ದಿನ ಹಣ ವಾಪಸು ಬಂತು.